ಪಕ್ ಸಿಗುವ ಮೊದಲು ಕತ್ತು ತಿರುಗುತ್ತದೆಯೇ? ಎಳೆಯ ಐಸ್ ಹಾಕಿ ಡಿಫೆನ್ಸ್‌ಮನ್‌ನನ್ನು ಅಳೆಯುವ ಕ್ರಮ

ಆಯ್ಕೆಗಾರರ ಲೆಕ್ಕ ತಪ್ಪಿಸುವುದು ಡಿಫೆನ್ಸ್‌ಮನ್‌ಗಳ ಹಳೆಯ ಚಾಳಿ. ಉತ್ತರ ಅಮೆರಿಕದ ದೊಡ್ಡ ವೃತ್ತಿಪರ ಲೀಗ್ ಎನ್‌ಎಚ್‌ಎಲ್‌ನ ತಂಡಗಳು ಸರದಿಯಂತೆ ಎಳೆಯ ಆಟಗಾರರನ್ನು ಆರಿಸಿಕೊಳ್ಳುವುದಕ್ಕೆ ಡ್ರಾಫ್ಟ್ ಎನ್ನುತ್ತಾರೆ. ನಿಕ್ಲಾಸ್ ಲಿಡ್‌ಸ್ಟ್ರಾಮ್ 1989ರ ಡ್ರಾಫ್ಟ್‌ನಲ್ಲಿ ಆಯ್ಕೆಯಾದದ್ದು 53ನೆಯವರಾಗಿ. ಮುಂದೆ ಲೀಗಿನ ಅತ್ಯುತ್ತಮ ಡಿಫೆನ್ಸ್‌ಮನ್‌ಗೆ ಕೊಡುವ ನಾರಿಸ್ ಟ್ರೋಫಿಯನ್ನು ಏಳು ಸಲ ಗೆದ್ದರು. ಡಂಕನ್ ಕೀತ್ 2002ರಲ್ಲಿ 54ನೆಯವರು, ಆಮೇಲೆ ಎರಡು ನಾರಿಸ್. ಆಡಮ್ ಫಾಕ್ಸ್ 2016ರಲ್ಲಿ 66ನೆಯವರು, 2021ರಲ್ಲಿ ನಾರಿಸ್. ಮಾರ್ಕ್ ಜಿಯೊರ್ಡಾನೊ ಅವರನ್ನಂತೂ ಡ್ರಾಫ್ಟ್‌ನಲ್ಲಿ ಯಾರೂ ಕರೆಯಲೇ ಇಲ್ಲ, 2019ರ ನಾರಿಸ್ ಅವರದೇ.

ಯಾಕೆ ಹೀಗಾಗುತ್ತದೆ? ಫಾರ್ವರ್ಡ್ ಹೊಡೆದ ಗೋಲು ಸ್ಕೋರ್‌ಶೀಟಿಗೆ ಬರುತ್ತದೆ, ಡಿಫೆನ್ಸ್‌ಮನ್ ಹುಟ್ಟುವ ಮೊದಲೇ ಚಿವುಟಿಹಾಕಿದ ದಾಳಿ ಎಲ್ಲೂ ದಾಖಲಾಗುವುದಿಲ್ಲ. ಜೊತೆಗೆ ಈ ಜಾಗದಲ್ಲಿ ಹುಡುಗರು ಮಾಗುವುದು ತಡ. ಹದಿನೇಳರ ಹುಡುಗನನ್ನು ನೋಡಿ ಇಪ್ಪತ್ತೈದರ ಗಂಡಸಿನ ಬಗ್ಗೆ ಹೇಳಬೇಕಾಗುತ್ತದೆ. ಹಾಗಾಗಿ ರಿಂಕ್‌ಗೆ ಹೋಗುವಾಗ ಒಂದೇ ಪ್ರಶ್ನೆ ಇಟ್ಟುಕೊಳ್ಳಿ: ಈಗ ಈ ಹುಡುಗನಿಗೆ ಪಕ್ (ಚೆಂಡಿನ ಬದಲು ಆಡುವ ರಬ್ಬರ್ ಬಿಲ್ಲೆ) ಸಿಕ್ಕಾಗ ಎರಡು ಸೆಕೆಂಡ್ ಪುರುಸೊತ್ತು ಇದೆ. ಅದು ಒಂದಕ್ಕೆ ಇಳಿದರೆ ಇವನ ಆಟದಲ್ಲಿ ಏನು ಉಳಿಯುತ್ತದೆ? ಮುಂದಿನ ಹಂತಗಳೆಲ್ಲ ಇದನ್ನೇ ಬೇರೆ ಬೇರೆ ಕಡೆಯಿಂದ ಕೇಳುವ ದಾರಿಗಳು.

ಹಂತ 1: ಮನೆಯಲ್ಲೇ ಮುಗಿಸಬೇಕಾದ ಕೆಲಸ

ಮೊದಲು ಹುಟ್ಟಿದ ತಾರೀಖು. ಎನ್‌ಎಚ್‌ಎಲ್ ಡ್ರಾಫ್ಟ್‌ಗೆ ಗಡಿ ಸೆಪ್ಟೆಂಬರ್ 15. ಆ ದಿನದೊಳಗೆ 18 ತುಂಬುವವನು ಆ ವರ್ಷದ ಡ್ರಾಫ್ಟ್‌ಗೆ ಅರ್ಹ. 2006ರ ಸೆಪ್ಟೆಂಬರ್ 16ರಂದು ಹುಟ್ಟಿದವನೂ 2007ರ ಸೆಪ್ಟೆಂಬರ್ 15ರಂದು ಹುಟ್ಟಿದವನೂ ಒಂದೇ ತಂಡದ ಪಟ್ಟಿಯಲ್ಲಿ ಅಕ್ಕಪಕ್ಕ ಇರುತ್ತಾರೆ, ಅಂತರ ಮಾತ್ರ ಹೆಚ್ಚುಕಡಿಮೆ ಒಂದು ವರ್ಷ. ಹದಿನೇಳರ ವಯಸ್ಸಿನಲ್ಲಿ ಒಂದು ವರ್ಷವೆಂದರೆ ಐದಾರು ಕಿಲೋ ಮಾಂಸಖಂಡ ಮತ್ತು ಪೂರ್ತಿ ಒಂದು ಸೀಸನ್ನಿನ ಅನುಭವ. 2025ರಲ್ಲಿ ನ್ಯೂಯಾರ್ಕ್ ಐಲ್ಯಾಂಡರ್ಸ್ ಮೊದಲ ಆಯ್ಕೆಯಾಗಿ ಕರೆದ ಮ್ಯಾಥ್ಯೂ ಶೇಫರ್ ಹುಟ್ಟಿದ್ದು 2007ರ ಸೆಪ್ಟೆಂಬರ್ 5ರಂದು. ಇನ್ನು ಹನ್ನೊಂದು ದಿನ ತಡವಾಗಿದ್ದರೆ ಮುಂದಿನ ವರ್ಷದ ಪಟ್ಟಿಗೆ ಹೋಗುತ್ತಿದ್ದರು. ಕಾಯಿಲೆ, ಮುರಿದ ಕಾಲರ್‌ಬೋನ್ ಎಂದು ಆ ಸೀಸನ್ನಿನಲ್ಲಿ ಈರಿ ಆಟರ್ಸ್ ಪರ ಅವರು ಆಡಿದ್ದು ಬರೀ 17 ಲೀಗ್ ಪಂದ್ಯ, ಅದರಲ್ಲಿ 22 ಅಂಕ (ಹೊಡೆದ ಗೋಲು ಮತ್ತು ಗೋಲಿಗೆ ನೆರವಾದ ಪಾಸ್, ಅಂದರೆ ಅಸಿಸ್ಟ್, ಸೇರಿ). ಪಂದ್ಯಗಳ ಸಂಖ್ಯೆ ನೋಡಿ ಹಿಂಜರಿದವರಿಗೆ ಈ ತಾರೀಖು ನೆನಪಿಸಿದರೆ ಸಾಕಿತ್ತು.

ಎರಡನೆಯದು ಲೀಗ್. ಒಂಟಾರಿಯೊದ ಒಎಚ್‌ಎಲ್‌ನಲ್ಲಿ ಹುಡುಗ ತನ್ನ ಓರಗೆಯವರ ಎದುರು ರಾತ್ರಿಗೆ 24 ನಿಮಿಷ ಆಡುತ್ತಿರಬಹುದು. ಅದೇ ವಯಸ್ಸಿನ ಸ್ವೀಡನ್ನಿನ ಹುಡುಗ ಗಂಡಸರ ಲೀಗಿನಲ್ಲಿ ಆರೇ ನಿಮಿಷ ಆಡಿ ಬೆಂಚಿನ ಮೇಲೆ ಕೂತಿರಬಹುದು. ಮೊರಿಟ್ಜ್ ಸೈಡರ್ ಜರ್ಮನಿಯ ಮಾನ್‌ಹೈಮ್ ತಂಡದಲ್ಲಿ ಗಂಡಸರ ಜೊತೆ ಆಡಿ 29 ಪಂದ್ಯಗಳಲ್ಲಿ ಗಳಿಸಿದ್ದು 6 ಅಂಕ. ಡೆಟ್ರಾಯಿಟ್ ಅವರನ್ನು 2019ರಲ್ಲಿ 6ನೆಯವರಾಗಿ ಕರೆದಾಗ ಹಲವರು ಹುಬ್ಬೇರಿಸಿದರು. 2022ರಲ್ಲಿ ಅವರು ವರ್ಷದ ಹೊಸಬನಿಗೆ ಕೊಡುವ ಕಾಲ್ಡರ್ ಟ್ರೋಫಿ ಗೆದ್ದರು. ಕೇಲ್ ಮಕಾರ್ ಅವರದು ಇದಕ್ಕೆ ಉಲ್ಟಾ ಪ್ರಶ್ನೆ: ಆಲ್ಬರ್ಟಾದ ಕೆಳಗಿನ ದರ್ಜೆಯ ಜೂನಿಯರ್ ಲೀಗಿನಲ್ಲಿ, ಬ್ರೂಕ್ಸ್ ಎಂಬ ಊರಿನ ತಂಡದಲ್ಲಿ ಅಂಕಗಳನ್ನು ಸೂರೆ ಮಾಡುತ್ತಿದ್ದ ಹುಡುಗನನ್ನು ನಂಬುವುದೋ ಬಿಡುವುದೋ? ಕೊಲರಾಡೊ ನಂಬಿತು, 2017ರಲ್ಲಿ 4ನೇ ಆಯ್ಕೆ. ಎರಡೂ ಕಡೆ ಅಂಕ ಉತ್ತರ ಕೊಡಲಿಲ್ಲ, ಆಟ ಕೊಟ್ಟಿತು.

ಮೂರನೆಯದು ರಿಂಕಿನ ಅಗಲ. ಉತ್ತರ ಅಮೆರಿಕದ ಮಂಜು 200 ಅಡಿ ಉದ್ದ, 85 ಅಡಿ ಅಗಲ. ಯೂರೋಪಿನ ಹಳೆಯ ರಿಂಕ್‌ಗಳಲ್ಲಿ ಅಗಲ 30 ಮೀಟರ್, ಅಂದರೆ ಸುಮಾರು 98 ಅಡಿ. ಆ 13 ಅಡಿ ಹೆಚ್ಚುವರಿ ಜಾಗದಲ್ಲಿ ಡಿಫೆನ್ಸ್‌ಮನ್ ತಪ್ಪಿಸಿಕೊಳ್ಳುವುದೂ ಸುಲಭ, ಎದುರಾಳಿ ಅವನನ್ನು ಸುತ್ತಿಹೋಗುವುದೂ ಸುಲಭ. ಯಾವ ರಿಂಕಿನಲ್ಲಿ ನೋಡಿದಿರೆಂದು ಟಿಪ್ಪಣಿಯ ಮೊದಲ ಸಾಲಿನಲ್ಲೇ ಬರೆದಿಡಿ.

ಹಂತ 2: ಎಲ್ಲಿ ಕೂರಬೇಕು, ಯಾವ ಪಂದ್ಯ ನೋಡಬೇಕು

ಗಾಜಿನ ಪಕ್ಕ ಕೂತರೆ ಡಿಕ್ಕಿಯ ಸದ್ದು ಚೆನ್ನಾಗಿ ಕೇಳುತ್ತದೆ, ಆಟ ಕಾಣುವುದಿಲ್ಲ. ಮೇಲಿನ ಸಾಲಿನಲ್ಲಿ, ಗೋಲಿನ ಹಿಂದಿನ ಮೂಲೆಯ ಕಡೆ ಕೂರಿ. ಹುಡುಗ ಹಿಂದಕ್ಕೆ ಓಡಿ ಬರುವಾಗ ಮುಖ ನಿಮ್ಮ ಕಡೆಗಿರಬೇಕು. ಒಂದು ಪೀರಿಯಡ್ ಪೂರ್ತಿ ಪಕ್ ನೋಡಬೇಡಿ, ಹುಡುಗನನ್ನು ಮಾತ್ರ ನೋಡಿ. ಮೊದಲ ಹತ್ತು ನಿಮಿಷ ಹಿಂಸೆಯಾಗುತ್ತದೆ, ಆಮೇಲೆ ರೂಢಿಯಾಗುತ್ತದೆ.

ಕೊಡಗಿನ ಮೈದಾನಗಳಲ್ಲಿ ಹಾಕಿ ನೋಡಿ ಬೆಳೆದವರ ಕಣ್ಣು ಇದಕ್ಕೆ ಅರ್ಧ ಪಳಗಿರುತ್ತದೆ, ಆದರೆ ಮೂರು ಅಭ್ಯಾಸ ಕಳಚಿಡಬೇಕು. ಮೈದಾನದ ಹಾಕಿಯಲ್ಲಿ ಈಗ ಆಫ್‌ಸೈಡ್ ಇಲ್ಲ. ಇಲ್ಲಿ ಪಕ್‌ಗಿಂತ ಮೊದಲು ದಾಳಿಯವರು ಎದುರಾಳಿಯ ವಲಯ ಶುರುವಾಗುವ ನೀಲಿ ಗೆರೆಯನ್ನು ದಾಟುವಂತಿಲ್ಲ, ಹಾಗಾಗಿ ಆ ಗೆರೆಯೇ ಡಿಫೆನ್ಸ್‌ಮನ್‌ನ ಕೋಟೆಗೋಡೆ. ಅಲ್ಲಿ ಗೋಲಿನ ಹಿಂದೆ ಆಟ ಮುಗಿಯಿತು. ಇಲ್ಲಿ ಗೋಲಿನ ಹಿಂದಿನ 11 ಅಡಿಯಲ್ಲೇ ಅರ್ಧ ಕಥೆ ನಡೆಯುತ್ತದೆ. ಅಲ್ಲಿ ಎಲ್ಲರೂ ಸ್ಟಿಕ್ ಹಿಡಿಯುವುದು ಒಂದೇ ಬಗೆ. ಇಲ್ಲಿ ಎಡಗೈ, ಬಲಗೈ ಬೇರೆ ಬೇರೆ. ಎಡಗೈ ಆಟಗಾರನನ್ನು ಬಲಬದಿಯಲ್ಲಿ ಆಡಿಸಿದರೆ ಬೋರ್ಡ್ (ರಿಂಕಿನ ಸುತ್ತಗೋಡೆ) ಪಕ್ಕ ಬರುವ ಪಕ್ ಎಲ್ಲ ಅವನ ಬ್ಯಾಕ್‌ಹ್ಯಾಂಡ್‌ಗೆ ಬೀಳುತ್ತದೆ. ಬಲಗೈ ಡಿಫೆನ್ಸ್‌ಮನ್‌ಗಳ ಸಂಖ್ಯೆ ಕಡಿಮೆ ಇರುವುದರಿಂದ ಅವರಿಗೆ ಪೇಟೆಯಲ್ಲಿ ಬೆಲೆ ಜಾಸ್ತಿ. ಆ ಬೆಲೆಯನ್ನು ಆಟದ ಅಂಕದೊಳಗೆ ಸೇರಿಸಬೇಡಿ, ಬೇರೆ ಸಾಲಿನಲ್ಲಿ ಬರೆಯಿರಿ.

ಪಂದ್ಯ ಆರಿಸುವಾಗ ಹುಡುಗನಿಗೆ ಕಷ್ಟವಾಗುವ ಪಂದ್ಯ ಆರಿಸಿ. ತವರು ತಂಡಕ್ಕೆ ಆಟಗಾರರನ್ನು ಕೊನೆಗೆ ಬದಲಿಸುವ ಹಕ್ಕಿದೆ. ಆದ್ದರಿಂದ ಕೋಚ್ ಎದುರಾಳಿಯ ಬಲವಾದ ಸಾಲಿನಿಂದ ಅವನನ್ನು ಬಚ್ಚಿಡಬಲ್ಲ. ಪರವೂರಿನ ಪಂದ್ಯದಲ್ಲಿ ಆ ರಕ್ಷಣೆ ಇಲ್ಲ. ಮೂರು ದಿನದಲ್ಲಿ ಮೂರು ಪಂದ್ಯ ಬೀಳುವ ವಾರಾಂತ್ಯ ಸಿಕ್ಕರೆ ಮೂರನೆಯದಕ್ಕೆ ಹೋಗಿ. ಒಂದೇ ಪಂದ್ಯದೊಳಗೂ ಎರಡನೇ ಪೀರಿಯಡ್‌ಗೆ ಹೆಚ್ಚು ಬೆಲೆ ಕೊಡಿ: ತುದಿ ಬದಲಾದದ್ದರಿಂದ ತನ್ನ ಗೋಲಿನಿಂದ ಬೆಂಚ್ ದೂರವಾಗಿರುತ್ತದೆ. ಸಿಕ್ಕಿಹಾಕಿಕೊಂಡ ಡಿಫೆನ್ಸ್‌ಮನ್ ಬದಲಾಗಲು ಆಗದೆ ಒಂದೂವರೆ ನಿಮಿಷ ಒದ್ದಾಡುತ್ತಾನೆ. ಐಸಿಂಗ್ (ನಡುಗೆರೆಯ ಹಿಂದಿನಿಂದ ಪಕ್ಕನ್ನು ಎದುರಾಳಿಯ ಗೋಲಿನ ಗೆರೆಯಾಚೆ ಕಳಿಸುವ ತಪ್ಪು) ಆದಮೇಲೆ ತಪ್ಪು ಮಾಡಿದ ತಂಡ ಆಟಗಾರರನ್ನು ಬದಲಿಸುವಂತಿಲ್ಲ, ಆಗ ಪಕ್ ಬೀಳಿಸಿ ಆಟ ಮತ್ತೆ ಶುರುಮಾಡುವ ಫೇಸ್‌ಆಫ್ ಕೂಡ ಒಳ್ಳೆಯ ಪರೀಕ್ಷೆ. ದಣಿದ ಕಾಲುಗಳ ಮೇಲೆ ಏನು ಉಳಿಯುತ್ತದೋ ಅದೇ ಅಭ್ಯಾಸ. ಮಿಕ್ಕದ್ದು ಹುಮ್ಮಸ್ಸು.

ಹಂತ 3: ಸ್ಕೇಟಿಂಗ್

ನೇರ ಓಟದ ವೇಗಕ್ಕೆ ಮರುಳಾಗಬೇಡಿ. ಡಿಫೆನ್ಸ್‌ಮನ್ ನೇರವಾಗಿ ಓಡುವುದು ಕಡಿಮೆ, ಹಿಂದಕ್ಕೆ ಜಾರುವುದು ಮತ್ತು ತಿರುಗುವುದೇ ಜಾಸ್ತಿ. ನೋಡಬೇಕಾದದ್ದು ಮುಖ್ಯವಾಗಿ ಪಿವಟ್. ಹಿಂದಕ್ಕೆ ಜಾರುತ್ತಿರುವವನು ಮುಂಮುಖವಾಗಿ ತಿರುಗುವ ಆ ಗಳಿಗೆಯಲ್ಲಿ ವೇಗ ಉಳಿಯುತ್ತದೆಯೋ ಸೋರುತ್ತದೆಯೋ ಗಮನಿಸಿ. ಒಂದು ಪಂದ್ಯದಲ್ಲಿ ಎಡಕ್ಕೆ ತಿರುಗಿದ್ದನ್ನು ಒಂದು ಕಡೆ, ಬಲಕ್ಕೆ ತಿರುಗಿದ್ದನ್ನು ಇನ್ನೊಂದು ಕಡೆ ಗೀಟು ಹಾಕಿ. ಸೊಂಟ ಸಲೀಸಾಗಿ ತೆರೆದು ಮೂರು ಹೆಜ್ಜೆಯೊಳಗೆ ವೇಗ ಹಿಡಿದರೆ ಸರಿ. ನೆಟ್ಟಗೆ ಎದ್ದು ನಿಂತು, ಹಿಮ್ಮಡಿಯ ಮೇಲೆ ತೂಕ ಹಾಕಿ, ದೊಡ್ಡ ಅರ್ಧಚಂದ್ರ ಬರೆದು ತಿರುಗಿದರೆ ತಪ್ಪು ಗೀಟು. ಬಹುತೇಕ ಹುಡುಗರಿಗೆ ಒಂದು ಬದಿ ಸೋತಿರುತ್ತದೆ. ಎದುರಾಳಿ ಕೋಚ್‌ಗಳಿಗೆ ಅದು ಗೊತ್ತಾಗಿರುತ್ತದೆ, ಪಕ್ ಆ ಬದಿಗೇ ಬೀಳುತ್ತಿರುತ್ತದೆ.

ಇಲ್ಲಿ ಸರಿಹೋಗುವ ದೋಷಕ್ಕೂ ಸರಿಹೋಗದ ದೋಷಕ್ಕೂ ವ್ಯತ್ಯಾಸ ಮಾಡಬೇಕು. ಮಂಡಿ ಸಾಕಷ್ಟು ಬಾಗುವುದಿಲ್ಲ, ಮೊದಲ ಮೂರು ಹೆಜ್ಜೆ ನಿಧಾನ: ಇದು ತೊಡೆಯ ಬಲದ ಮಾತು, ಎರಡು ಬೇಸಿಗೆಯ ವ್ಯಾಯಾಮದಲ್ಲಿ ಬಹಳಷ್ಟು ಬರುತ್ತದೆ. ಪಾದದ ಕೀಲು, ಸೊಂಟದ ಕೀಲು ಗಡಸಾಗಿದ್ದರೆ ಅದು ನಿಧಾನದ ಕೆಲಸ, ಪೂರ್ತಿ ಹೋಗುವುದೂ ಅಪರೂಪ. ಒಂದೇ ವರ್ಷದಲ್ಲಿ ನಾಲ್ಕು ಇಂಚು ಬೆಳೆದ ಹುಡುಗನನ್ನು ಮಾತ್ರ ಆ ಚಳಿಗಾಲದಲ್ಲಿ ತೀರ್ಮಾನಿಸಬೇಡಿ. ಆಗ ಕೈಕಾಲು ಅವನದೇ ಆಗಿರುವುದಿಲ್ಲ, ಸಾಲ ತಂದ ಹಾಗಿರುತ್ತದೆ.

ಹಂತ 4: ಪಕ್ ಹೆಕ್ಕುವುದು

ಇಲ್ಲಿ ಸಾವಧಾನವಾಗಿ ನಿಲ್ಲಿ. ಒಬ್ಬ ಡಿಫೆನ್ಸ್‌ಮನ್‌ನ ಬಗ್ಗೆ ಒಂದೇ ವಿಷಯ ನೋಡಲು ಅವಕಾಶವಿದ್ದರೆ ಇದನ್ನು ನೋಡಿ, ಮಿಕ್ಕದ್ದನ್ನು ಬಿಡಿ.

ಎದುರಾಳಿ ನಡುಗೆರೆ ದಾಟಿ ಪಕ್ಕನ್ನು ಮೂಲೆಗೆ ಎಸೆಯುತ್ತಾನೆ. ನೀಲಿ ಗೆರೆಯಿಂದ ಹಿಂಬದಿಯ ಬೋರ್ಡ್‌ಗೆ 75 ಅಡಿ. ನಮ್ಮ ಹುಡುಗ ತಿರುಗಿ, ಬೆನ್ನಿಗೆ ಎದುರಾಳಿಯನ್ನು ಕಟ್ಟಿಕೊಂಡು ಆ ಪಕ್‌ಗೆ ಓಡಬೇಕು. ಆ ಕೆಲವೇ ಸೆಕೆಂಡುಗಳಲ್ಲಿ ಅವನ ಕಾಲು ನೋಡಬೇಡಿ, ಕತ್ತು ನೋಡಿ. ತಿರುಗುತ್ತಿದ್ದಂತೆ ಒಂದು ಭುಜದ ಮೇಲಿಂದ ಹಿಂದೆ ನೋಡುತ್ತಾನೆ: ಎಷ್ಟು ಜನ ಬರುತ್ತಿದ್ದಾರೆ, ಯಾವ ಬದಿಯಿಂದ? ಪಕ್‌ಗೆ ಹತ್ತು ಹದಿನೈದು ಅಡಿ ಇರುವಾಗ ಇನ್ನೊಂದು ಭುಜದ ಮೇಲಿಂದ: ಜೊತೆಗಾರ ಎಲ್ಲಿ, ವಿಂಗರ್ ಬೋರ್ಡ್‌ಗೆ ಇಳಿದಿದ್ದಾನೆಯೇ, ನಡುವೆ ಸೆಂಟರ್ ಬಂದನೇ? ಆಮೇಲೆ ಪಕ್ ಮುಟ್ಟುತ್ತಾನೆ. ಮುಟ್ಟುವ ಹೊತ್ತಿಗೆ ತೀರ್ಮಾನ ಆಗಿಹೋಗಿರುತ್ತದೆ. ಒಳ್ಳೆಯವನಾದರೆ ಕೊನೆಯ ಹೆಜ್ಜೆಯಲ್ಲಿ ಭುಜವನ್ನು ಒಂದು ಕಡೆ ಬಗ್ಗಿಸಿ ಹಿಂದಿನವನನ್ನು ಆ ಕಡೆ ಕಳಿಸಿ, ತಾನು ಇನ್ನೊಂದು ಕಡೆ ಹೊರಡುತ್ತಾನೆ.

ತೀರ್ಮಾನಗಳು ಐದು ಬಗೆ. ಗೋಲಿನ ಹಿಂದಿನಿಂದ ಸುತ್ತಿ ತಾನೇ ಪಕ್ ಹೊತ್ತು ಹೊರಡುವುದು. ಓಡುತ್ತಿರುವ ದಿಕ್ಕಿಗೆ ವಿರುದ್ಧವಾಗಿ ಹಿಂದಕ್ಕೆ ಜೊತೆಗಾರನಿಗೆ ಬಿಡುವುದು. ಗೋಲಿನ ಹಿಂದೆ ಆಚೆ ಬದಿಗೆ ದಾಟಿಸುವುದು. ತಕ್ಷಣ ಮೇಲಕ್ಕೆ, ವಿಂಗರ್ ಅಥವಾ ಸೆಂಟರ್‌ಗೆ ಪಾಸ್. ಕೊನೆಯದು ಬೋರ್ಡ್ ಸುತ್ತ ಗಟ್ಟಿಯಾಗಿ ಹೊಡೆದು ಕೈತೊಳೆದುಕೊಳ್ಳುವುದು. ಎಲ್ಲಕ್ಕೂ ಸಮಯವಿದೆ, ಕೊನೆಯದಕ್ಕೂ. ಆದರೆ ಹಿಂದೆ ಯಾರೂ ಇಲ್ಲದಿದ್ದರೂ ಬೋರ್ಡ್ ಸುತ್ತ ಹೊಡೆಯುವ ಹುಡುಗ ಹಿಂದೆ ನೋಡಿಲ್ಲ ಎಂದೇ ಅರ್ಥ.

ನೋಟ್‌ಬುಕ್‌ನಲ್ಲಿ ನಾಲ್ಕು ಕಲಂ ಗೀಚಿಕೊಳ್ಳಿ: ಎಷ್ಟು ಸಲ ತಿರುಗಿ ನೋಡಿದ, ಎದುರಾಳಿ ಎಷ್ಟು ಹತ್ತಿರವಿದ್ದ, ಏನು ಆರಿಸಿದ, ಪಕ್ ನಮ್ಮವರ ಹತೋಟಿಯಲ್ಲೇ ನೀಲಿ ಗೆರೆ ದಾಟಿತೇ. ಮೂರು ಪಂದ್ಯ ಸೇರಿ 30 ಸಾಲು ತುಂಬುವವರೆಗೆ ಯಾವ ಅಭಿಪ್ರಾಯವನ್ನೂ ಬರೆಯಬೇಡಿ. ಆಮೇಲೆ ಎದುರಾಳಿ ಒಂದು ಸ್ಟಿಕ್‌ನಷ್ಟು ಹತ್ತಿರವಿದ್ದ ಸಾಲುಗಳನ್ನು ಮಾತ್ರ ಪ್ರತ್ಯೇಕವಾಗಿ ಎಣಿಸಿ. ಮೇಲಿನ ಲೀಗ್ ಅಂದರೆ ಬಹುತೇಕ ಎಲ್ಲ ಸಾಲೂ ಹಾಗಿರುವ ಜಾಗ.

ಈ ಎಣಿಕೆ ಎಲ್ಲಿ ದಾರಿ ತಪ್ಪಿಸುತ್ತದೆಂದೂ ತಿಳಿದಿರಬೇಕು. ಗೋಲಿ (ಗೋಲ್‌ಕೀಪರ್) ಗೋಲಿನ ಹಿಂದೆ ಬಂದು ಪಕ್ ನಿಲ್ಲಿಸಿಕೊಟ್ಟರೆ ಅರ್ಧ ಕೆಲಸ ಅವನದು. ಕೆಲವು ಕೋಚ್‌ಗಳು ಅನುಮಾನವಿದ್ದರೆ ಬೋರ್ಡ್‌ಗೆ ಹೊಡೆ ಎಂದೇ ಹೇಳಿಕೊಟ್ಟಿರುತ್ತಾರೆ. ತಂಡದ ಆರೂ ಡಿಫೆನ್ಸ್‌ಮನ್‌ಗಳು ಹಾಗೇ ಆಡುತ್ತಿದ್ದರೆ ದೋಷ ಹುಡುಗನದಲ್ಲ. ವಿಂಗರ್ ಇರಬೇಕಾದ ಜಾಗದಲ್ಲಿಲ್ಲದೆ ಪಾಸ್ ಹಾಳಾದರೆ ಅದನ್ನು ಹುಡುಗನ ಲೆಕ್ಕಕ್ಕೆ ಬರೆಯಬೇಡಿ. ಇನ್ನೊಂದು ಮೋಸ ಸೂಕ್ಷ್ಮವಾದದ್ದು. ಕತ್ತು ತಿರುಗಿಸು ಎಂದು ಬೈಸಿಕೊಂಡ ಹುಡುಗರು ಶಾಸ್ತ್ರಕ್ಕೆ ತಿರುಗಿಸುತ್ತಾರೆ, ನೋಡುವುದಿಲ್ಲ. ಕಂಡುಹಿಡಿಯುವುದು ಸುಲಭ: ಎದುರಾಳಿ ಎಡಗಡೆಯಿಂದ ಬರುತ್ತಿದ್ದಾನೆ, ಹುಡುಗ ಎಡಕ್ಕೆ ತಿರುಗಿ ನೋಡಿದ, ಆಮೇಲೂ ಎಡಕ್ಕೇ ಹೋಗಿ ಡಿಕ್ಕಿ ಹೊಡೆಸಿಕೊಂಡ.

ಕೆನಡಾ, ಅಮೆರಿಕದಲ್ಲಿ ಬೆಳಗಿನ ಜಾವ ಮಕ್ಕಳನ್ನು ರಿಂಕ್‌ಗೆ ಬಿಟ್ಟು ಕಾಫಿ ಹಿಡಿದು ಕೂರುವ ಕನ್ನಡದ ಅಪ್ಪ ಅಮ್ಮಂದಿರಿಗೂ ಈ ಒಂದು ಎಣಿಕೆ ಸಾಕು. ಮಗ ಎಷ್ಟು ಗೋಲು ಹೊಡೆದ ಎಂದು ಮನೆಯಲ್ಲಿ ಕೇಳುವ ಅಜ್ಜಿಗೆ ಮಾತ್ರ ಬೇರೆ ಉತ್ತರ ಹುಡುಕಿಕೊಳ್ಳಬೇಕು.

ಹಂತ 5: ಎದುರು ಬರುವ ದಾಳಿ

ಎದುರಾಳಿಗೂ ಡಿಫೆನ್ಸ್‌ಮನ್‌ಗೂ ನಡುವಿನ ಅಂತರಕ್ಕೆ ಗ್ಯಾಪ್ ಎನ್ನುತ್ತಾರೆ. ರಿಂಕಿನ ನಡುಭಾಗದಲ್ಲಿ ಅದು ಸುಮಾರು ಒಂದೂವರೆ ಸ್ಟಿಕ್, ಅಂದರೆ ಏಳೆಂಟು ಅಡಿ ಇದ್ದು, ನೀಲಿ ಗೆರೆ ಹತ್ತಿರವಾದಂತೆ ಒಂದು ಸ್ಟಿಕ್‌ಗೆ ಇಳಿಯಬೇಕು. ಹುಡುಗ ಗೆರೆಯ ಮೇಲೇ ಎದ್ದು ನಿಲ್ಲುತ್ತಾನೆಯೇ ಅಥವಾ ಹಿಂದೆ ಹಿಂದೆ ಸರಿದು ಗೋಲಿಯ ಮಡಿಲಿಗೆ ಬೀಳುತ್ತಾನೆಯೇ? ಫೇಸ್‌ಆಫ್ ಚುಕ್ಕೆಗಳ ನಡುವೆ 44 ಅಡಿ ಇದೆ. ಒಳ್ಳೆಯ ಡಿಫೆನ್ಸ್‌ಮನ್ ತಾನು ಆ 44 ಅಡಿಯೊಳಗೆ ಉಳಿದು ಎದುರಾಳಿಯನ್ನು ಹೊರಕ್ಕೆ, ಬೋರ್ಡ್ ಕಡೆಗೆ ತಳ್ಳುತ್ತಾನೆ. ಎದುರಾಳಿ ಪಕ್ ಹತೋಟಿಯಲ್ಲಿಟ್ಟು ಗೆರೆ ದಾಟಿದ, ಎಸೆದು ದಾಟಿದ, ದಾಟಲೇ ಇಲ್ಲ: ಮೂರು ಕಲಂ, ಹುಡುಗನ ಬದಿಗೆ ಬಂದ ದಾಳಿಗಳು ಮಾತ್ರ.

ಜೂನಿಯರ್ ಮಟ್ಟದಲ್ಲಿ ಉದ್ದ ಕೈಯವರು ಸ್ಟಿಕ್ ಚಾಚಿ ಪಕ್ ಕುಕ್ಕಿ ತೆಗೆದು ಚಪ್ಪಾಳೆ ಗಿಟ್ಟಿಸುತ್ತಾರೆ. ಮೇಲೆ ಹೋದಾಗ ಎದುರಾಳಿ ಆ ಚಾಚಿದ ಸ್ಟಿಕ್ಕಿಗಾಗಿಯೇ ಕಾಯುತ್ತಾನೆ. ಸ್ಟಿಕ್ ಮುಂದಿದ್ದು ಕಾಲು ನಿಂತಿದ್ದರೆ ತಪ್ಪು, ಕಾಲು ಓಡುತ್ತಿದ್ದು ಸ್ಟಿಕ್ ಸುಮ್ಮನೆ ದಾರಿಗೆ ಅಡ್ಡ ಮಲಗಿದ್ದರೆ ಸರಿ. ಜ್ಯಾಕಬ್ ಸ್ಲೇವಿನ್ ಅವರ ಆಟದ ವಿಡಿಯೊ ಇದಕ್ಕೆ ಪಾಠ. 2012ರಲ್ಲಿ 120ನೆಯವರಾಗಿ ಬಂದ ಅವರು ಸಭ್ಯ ಆಟಕ್ಕೆ ಕೊಡುವ ಲೇಡಿ ಬಿಂಗ್ ಟ್ರೋಫಿಯನ್ನು 2021 ಮತ್ತು 2024ರಲ್ಲಿ ಪಡೆದರು. ಒಬ್ಬ ಡಿಫೆನ್ಸ್‌ಮನ್‌ಗೆ ಈ ಪ್ರಶಸ್ತಿ ಬರುವುದು ಅಪರೂಪ. ಸರಿಯಾದ ಜಾಗದಲ್ಲಿ ಇರುವವನಿಗೆ ಎಳೆದಾಡುವ ಅಗತ್ಯ ಬೀಳುವುದಿಲ್ಲ. ಹುಡುಗನ ಪೆನಲ್ಟಿಗಳ ಪಟ್ಟಿ ತೆಗೆದು ನೋಡಿ: ಹುಕಿಂಗ್ (ಸ್ಟಿಕ್ಕಿನಿಂದ ಎಳೆಯುವುದು), ಹೋಲ್ಡಿಂಗ್ (ಹಿಡಿದುಕೊಳ್ಳುವುದು), ಟ್ರಿಪಿಂಗ್ (ಎಡವಿಸುವುದು) ಹೆಚ್ಚಿದ್ದರೆ ಅವನು ತಡವಾಗಿ ತಲುಪುತ್ತಿದ್ದಾನೆ.

ಗೋಲಿನ ಮುಂದಿನ ಕಾದಾಟದ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಎದುರಾಳಿಯ ಬೆನ್ನಿಗೆ ತಳ್ಳುತ್ತಾ ಕೂರುವುದಕ್ಕಿಂತ ಅವನ ಸ್ಟಿಕ್ಕನ್ನು ಎತ್ತಿ ಹಿಡಿಯುವುದು ಮುಖ್ಯ. ಬಲ ಆಮೇಲೆ ಬರುತ್ತದೆ. ಪಕ್ ಮೂಲೆಯಲ್ಲಿರುವಾಗ ಗೋಲಿನ ಮುಂದೆ ನಿಂತವನು ಪಕ್ಕನ್ನೇ ದಿಟ್ಟಿಸುತ್ತಾ ತನ್ನ ಹಿಂದೆ ಬಂದು ನಿಂತವನನ್ನು ಮರೆತರೆ ಆ ಮರೆವು ಮಾತ್ರ ಸುಲಭಕ್ಕೆ ಹೋಗುವುದಿಲ್ಲ.

ಹಂತ 6: ಅಂಕಗಳನ್ನು ಬಿಡಿಸಿ ನೋಡಿ

ಒಬ್ಬ ಹುಡುಗನ ಲೆಕ್ಕದಲ್ಲಿ 50 ಅಂಕ ಇದೆ ಎನ್ನಿ. ಅದರಲ್ಲಿ ಪವರ್ ಪ್ಲೇಯಲ್ಲಿ, ಅಂದರೆ ಎದುರಾಳಿ ಪೆನಲ್ಟಿಗೆ ಹೊರಗಿದ್ದು ತಮ್ಮವರು ಹೆಚ್ಚಿರುವಾಗ, ಬಂದದ್ದು 28. ಉಳಿದ 22ರಲ್ಲಿ ಎರಡನೇ ಅಸಿಸ್ಟ್ (ಗೋಲಿಗೆ ಮುಂಚಿನ ಪಾಸಿಗೂ ಹಿಂದಿನ ಪಾಸ್) 11. ಅಲ್ಲಿಗೆ ಐವರಿಗೆ ಐವರು ಆಡುವಾಗ ಅವನು ನೇರವಾಗಿ ಕೈಹಾಕಿದ್ದು 11 ಗೋಲುಗಳಿಗೆ ಮಾತ್ರ. ಎರಡನೇ ಅಸಿಸ್ಟ್ ಎಂದರೆ ಬೆಲೆಯಿಲ್ಲ ಎಂದಲ್ಲ, ಆದರೆ ವಿಡಿಯೊದಲ್ಲಿ ಒಂದೊಂದನ್ನೂ ನೋಡಿ: ಆ ಪಾಸ್ ದಾಳಿಯನ್ನು ಹುಟ್ಟಿಸಿತೇ, ಅಥವಾ ಪಕ್ಕದವನಿಗೆ ಕೊಟ್ಟು ಸುಮ್ಮನಾದದ್ದೇ?

ಇದಕ್ಕಿಂತ ದೊಡ್ಡ ಲೆಕ್ಕ ಬೇರೆ ಇದೆ. ಎನ್‌ಎಚ್‌ಎಲ್ ತಂಡವೊಂದು ಸಾಮಾನ್ಯವಾಗಿ ಆರು ಡಿಫೆನ್ಸ್‌ಮನ್‌ಗಳನ್ನು ಕಣಕ್ಕಿಳಿಸುತ್ತದೆ. ಪವರ್ ಪ್ಲೇಗೆ ನಾಲ್ವರು ಫಾರ್ವರ್ಡ್‌ಗಳ ಜೊತೆ ಒಬ್ಬನೇ ಡಿಫೆನ್ಸ್‌ಮನ್ ಹೋಗುವುದು ಈಗಿನ ರೂಢಿ. ಪವರ್ ಪ್ಲೇಗೆ ಎರಡು ಗುಂಪು ಇಟ್ಟರೂ ಆ ಕೆಲಸದಲ್ಲಿ ಹೆಚ್ಚೆಂದರೆ ಇಬ್ಬರಿಗೆ ಜಾಗ. ಜೂನಿಯರ್‌ನಲ್ಲಿ ಪವರ್ ಪ್ಲೇಯ ರಾಜನಾಗಿದ್ದವನು ಮೇಲೆ ಹೋಗಿ ಆ ಇಬ್ಬರಲ್ಲಿ ಒಬ್ಬನಾಗದಿದ್ದರೆ ಪೆನಲ್ಟಿ ಕಿಲ್‌ಗೆ (ತಮ್ಮವನು ಪೆನಲ್ಟಿಗೆ ಹೊರಗಿದ್ದಾಗ ದಾಳಿ ತಡೆಯುವ ಆಟಕ್ಕೆ) ನಿಲ್ಲಬೇಕು, ತನ್ನ ಗೋಲಿನ ಮುಂದೆ ಕಾದಾಡಬೇಕು. ಅದು ಬಾರದಿದ್ದರೆ ಅವನಿಗೆ ಕೆಲಸವೇ ಇಲ್ಲ. ಡ್ರಾಫ್ಟ್‌ನಲ್ಲಿ ಮೇಲೆ ಬಂದು ಕಾಣದಾಗುವ ಹುಡುಗರಲ್ಲಿ ಈ ಜಾತಿಯವರು ಬಹಳ.

ಪಾಯಿಂಟ್‌ನಿಂದ, ಅಂದರೆ ಎದುರಾಳಿಯ ನೀಲಿ ಗೆರೆಯ ಹತ್ತಿರದಿಂದ, ಹೊಡೆಯುವ ಹೊಡೆತದಲ್ಲಿ ಬಲ ನೋಡಬೇಡಿ, ತಲುಪಿದ್ದೆಷ್ಟು ನೋಡಿ. ಮೊಣಕಾಲಿಗೆ ಬಡಿದು ವಾಪಸ್ ಬಂದ ಗುಂಡಿನಂಥ ಹೊಡೆತ ಎದುರಾಳಿಯ ಓಟಕ್ಕೆ ದಾರಿ. ನೀಲಿ ಗೆರೆಯ ಮೇಲೆ ಪಕ್ಕಕ್ಕೆ ಎರಡು ಹೆಜ್ಜೆ ಜಾರಿ, ಎದುರಿನವನು ಸರಿದ ಸಂದಿಯಲ್ಲಿ ತಳಮಟ್ಟದಲ್ಲಿ ಕಳಿಸಿದ ಮೆತ್ತನೆಯ ಹೊಡೆತ ಗೋಲಿನ ಮುಂದಿರುವವನ ಸ್ಟಿಕ್ಕಿಗೆ ತಾಗಿ ಒಳಗೆ ಹೋಗುತ್ತದೆ.

ಹಂತ 7: ಮೈಕಟ್ಟು

ಕಾರ್ಯಕ್ರಮದ ಪುಸ್ತಿಕೆಯಲ್ಲಿ ಬರೆದ ಎತ್ತರವನ್ನು ನಂಬಬೇಡಿ, ಅಳತೆಪಟ್ಟಿಯನ್ನು ನಂಬಿ. ಬಫಲೊದಲ್ಲಿ ನಡೆಯುವ ಲೀಗಿನ ಕಂಬೈನ್‌ನಲ್ಲಿ (ಡ್ರಾಫ್ಟ್‌ಗೆ ಮುಂಚಿನ ಮೈಪರೀಕ್ಷೆ) ಎತ್ತರ, ತೂಕ, ನೆಗೆತ, ಪುಲ್‌ಅಪ್, ಏದುಸಿರು ಬಿಡಿಸುವ ಸೈಕಲ್ ಪರೀಕ್ಷೆ ಎಲ್ಲ ಅಳೆಯುತ್ತಾರೆ. ಅಲ್ಲಿ ಮಂಜೇ ಇರುವುದಿಲ್ಲ ಎಂಬುದನ್ನು ಮರೆಯಬೇಡಿ. ಎತ್ತರಕ್ಕಿಂತ ಭುಜದ ಅಗಲ, ಪಾದದ ಅಳತೆ, ಅಪ್ಪ ಅಮ್ಮ ಅಣ್ಣಂದಿರ ಮೈಕಟ್ಟು ಮುಂದಿನ ಬೆಳವಣಿಗೆಯ ಬಗ್ಗೆ ಹೆಚ್ಚು ಹೇಳುತ್ತವೆ.

ಕುಳ್ಳನೆಂದು ಕೈಬಿಡುವುದು ಹಳೆಯ ತಪ್ಪು. ಲೇನ್ ಹಟ್ಸನ್ 2022ರಲ್ಲಿ 62ನೆಯವರಾಗಲು ಮೈಯ ಅಳತೆಯೇ ದೊಡ್ಡ ಕಾರಣ. 2024–25ರಲ್ಲಿ ಮಾಂಟ್ರಿಯಲ್ ಪರ 66 ಅಂಕ ಗಳಿಸಿ ಕಾಲ್ಡರ್ ಗೆದ್ದರು. ಹಾಗೆಂದು ಪ್ರತಿ ಕುಳ್ಳನಲ್ಲೂ ಹಟ್ಸನ್‌ರನ್ನು ಕಾಣುವುದು ಹೊಸ ತಪ್ಪು. ಚಿಕ್ಕ ಮೈಯ ಡಿಫೆನ್ಸ್‌ಮನ್‌ನಲ್ಲಿ ಎರಡು ಕೇಳಿ. ಡಿಕ್ಕಿ ಬರುವ ಮೊದಲೇ ಜಾಗ ಖಾಲಿ ಮಾಡುವಷ್ಟು ಅಂಚುಗಳ ಮೇಲೆ ಹಿಡಿತ ಇದೆಯೇ? ಎದುರಾಳಿಯನ್ನು ತಪ್ಪು ದಿಕ್ಕಿಗೆ ಕಳಿಸುವ ಆಟ ಪ್ರತಿ ಶಿಫ್ಟ್‌ನಲ್ಲೂ (ಮಂಜಿಗಿಳಿಯುವ ಪ್ರತಿ ಸರದಿಯಲ್ಲೂ) ಇದೆಯೇ, ಅಥವಾ ಹೈಲೈಟ್ಸ್‌ನಲ್ಲಿ ಮಾತ್ರವೇ? ಎರಡಕ್ಕೂ ಹೌದು ಎಂದಾದರೆ ಇಂಚು ಲೆಕ್ಕಹಾಕುವುದನ್ನು ನಿಲ್ಲಿಸಿ.

ಹಂತ 8: ಮಾತಾಡಿಸುವುದು

ಹುಡುಗ ಇನ್ನೂ ಮೈನರ್. ಮೊದಲು ತಂಡದ ಮತ್ತು ಮನೆಯವರ ಒಪ್ಪಿಗೆ. ಕೋಚ್ ಹೊಗಳುತ್ತಾನೆ, ಅದು ಅವನ ಕೆಲಸ. ಫಿಸಿಯೊ, ಸಾಮಾನು ನೋಡಿಕೊಳ್ಳುವವನು, ಜೂನಿಯರ್ ಆಟಗಾರರನ್ನು ಮನೆಯಲ್ಲಿಟ್ಟುಕೊಂಡು ಸಾಕುವ ಬಿಲೆಟ್ ಮನೆಯ ಯಜಮಾನಿತಿ, ಇವರ ಮಾತಿಗೆ ಬೆಲೆ ಹೆಚ್ಚು. ಸೋತ ರಾತ್ರಿ ಹೇಗಿರುತ್ತಾನೆ, ತಟ್ಟೆ ತೊಳೆದಿಡುತ್ತಾನೆಯೇ ಎಂಬುದು ಅವರಿಗೆ ಗೊತ್ತು.

ಹುಡುಗನ ಹತ್ತಿರ ನಿನ್ನ ಬಲ ಏನು, ದೌರ್ಬಲ್ಯ ಏನು ಎಂದು ಕೇಳಬೇಡಿ. ಏಜೆಂಟ್ ಬಾಯಿಪಾಠ ಮಾಡಿಸಿರುತ್ತಾನೆ. ಅವನೇ ಆಡಿದ ಪಂದ್ಯದಿಂದ ಹತ್ತು ಸೆಕೆಂಡಿನ ತುಣುಕೊಂದನ್ನು ಫೋನಿನಲ್ಲಿ ತೋರಿಸಿ, ಪಕ್ ಮುಟ್ಟುವ ಸ್ವಲ್ಪ ಮೊದಲು ನಿಲ್ಲಿಸಿ, ಇಲ್ಲಿ ಏನು ಕಂಡಿತು ಎಂದು ಕೇಳಿ. ನಾಲ್ಕು ಜನರ ಜಾಗ ಹೇಳಿದರೆ ಒಂದು ಬಗೆ. ‘ಗೊತ್ತಿಲ್ಲ, ಸುಮ್ಮನೆ ಆಡಿದೆ’ ಎಂದರೂ ಗಾಬರಿ ಬೇಡ, ಕೆಲವು ಜಾಣರಿಗೆ ಬಾಯಿ ಬರುವುದಿಲ್ಲ. ವಿಡಿಯೊದಲ್ಲಿ ತಪ್ಪಾದದ್ದಕ್ಕೆ ಜೊತೆಗಾರನನ್ನು ದೂರಿದರೆ ಮಾತ್ರ ಬರೆದಿಟ್ಟುಕೊಳ್ಳಿ.

ಹಂತ 9: ಮೂರು ತಿಂಗಳ ನಂತರ ಮತ್ತೆ

ಅಕ್ಟೋಬರ್‌ನಲ್ಲಿ ಮೂರು ಪಂದ್ಯ ನೋಡಿದ್ದರೆ ಜನವರಿಯಲ್ಲಿ ಎರಡು, ಮಾರ್ಚ್‌ನಲ್ಲಿ ಇನ್ನೆರಡು ನೋಡಿ. ನಡುವೆ ಹಳೆಯ ಟಿಪ್ಪಣಿ ಓದಬೇಡಿ. ಹೊಸದನ್ನು ಬರೆದು ಮುಗಿಸಿದ ಮೇಲೆ ಹಳೆಯದನ್ನು ಪಕ್ಕಕ್ಕಿಟ್ಟು ಹೋಲಿಸಿ. ಅಂಕ ಏರಿದ್ದು ಬೆಳವಣಿಗೆಯಲ್ಲ, ಮೊದಲ ಜೋಡಿಗೆ ಬಡ್ತಿ ಸಿಕ್ಕಿದರೂ ಅಂಕ ಏರುತ್ತದೆ. ಆಗ ಸೋತಿದ್ದ ಬಲಬದಿಯ ಪಿವಟ್ ಈಗ ಸರಿಯಾಗಿದ್ದರೆ, ಒಂದು ಸಲ ನೋಡುತ್ತಿದ್ದವನು ಎರಡು ಸಲ ನೋಡುತ್ತಿದ್ದರೆ ಅದು ಬೆಳವಣಿಗೆ. ಏಪ್ರಿಲ್‌ನ 18 ವರ್ಷದೊಳಗಿನವರ ವಿಶ್ವ ಚಾಂಪಿಯನ್‌ಶಿಪ್‌ನಲ್ಲಿ ಮಿಂಚಿದನೆಂದು ಪಟ್ಟಿಯಲ್ಲಿ ಹತ್ತು ಸ್ಥಾನ ಮೇಲೇರಿಸುವುದು ಪ್ರತಿವರ್ಷ ನಡೆಯುವ ಎಡವಟ್ಟು. ವಾರ ಹತ್ತು ದಿನದ ಟೂರ್ನಿ ಆರು ತಿಂಗಳ ಟಿಪ್ಪಣಿಯನ್ನು ಅಳಿಸಬಾರದು.

ಹಂತ 10: ವರದಿ

ವಿಶೇಷಣಗಳನ್ನು ತೆಗೆದು ಕೆಲಸ ಬರೆಯಿರಿ. ಹುಡುಗ ಮೇಲೆ ಹೋದರೆ ಯಾವ ಜೋಡಿಯಲ್ಲಿ, ಯಾವ ಕೆಲಸಕ್ಕೆ, ಎಷ್ಟು ವರ್ಷದಲ್ಲಿ, ಏನು ಸರಿಹೋದರೆ. ಕಾಲ್ಪನಿಕ ಹುಡುಗನೊಬ್ಬನ ಮಾದರಿ ಹೀಗಿರಬಹುದು:

‘ಎಡಗೈ. 6 ಅಡಿ 1 ಇಂಚು, 79 ಕಿಲೋ, ಜೂನ್‌ನಲ್ಲಿ ಹುಟ್ಟಿದವನು. ಏಳು ಪಂದ್ಯ ನೋಡಿದ್ದು, ನಾಲ್ಕು ಪರವೂರಿನಲ್ಲಿ. ಒತ್ತಡವಿದ್ದ 31 ಪಕ್ ಹೆಕ್ಕುವಿಕೆಯಲ್ಲಿ 19 ಸಲ ಹತೋಟಿಯಲ್ಲಿ ಹೊರಬಂದ. ಬಲಕ್ಕೆ ತಿರುಗುವಾಗ ಒಂದು ಹೆಜ್ಜೆ ನಷ್ಟ. ಅಕ್ಟೋಬರ್‌ನಲ್ಲಿ ಎರಡು ಹೆಜ್ಜೆ ಇತ್ತು. ಗೆರೆಯ ಮೇಲೆ ಧೈರ್ಯವಾಗಿ ನಿಲ್ಲುತ್ತಾನೆ, ಸೋತಾಗ ಹುಕ್ ಮಾಡುತ್ತಾನೆ. ಪವರ್ ಪ್ಲೇ ಮೇಲಿನ ಮಟ್ಟಕ್ಕೆ ಸಾಲದು. ಎರಡನೇ ಜೋಡಿ, ಪೆನಲ್ಟಿ ಕಿಲ್, ನಾಲ್ಕು ವರ್ಷ. ಪಿವಟ್ ಸರಿಹೋಗದಿದ್ದರೆ ಮೂರನೇ ಜೋಡಿಯೂ ಕಷ್ಟ.’

ನಾಲ್ಕು ವರ್ಷ ಎಂದು ಬರೆದ ಮೇಲೆ ಆ ನಾಲ್ಕು ವರ್ಷ ಎಲ್ಲಿ ಕಳೆಯುತ್ತಾನೆಂದೂ ಬರೆಯಿರಿ. 2025ರ ಆಗಸ್ಟ್‌ನಿಂದ ಕೆನಡಾದ ಮುಖ್ಯ ಜೂನಿಯರ್ ಲೀಗ್‌ಗಳಲ್ಲಿ ಆಡಿದವರೂ ಅಮೆರಿಕದ ಕಾಲೇಜು ತಂಡಗಳಿಗೆ ಹೋಗಬಹುದು. ಮೊದಲು ಆ ಬಾಗಿಲು ಮುಚ್ಚಿತ್ತು. ಮೈ ತುಂಬಿಕೊಳ್ಳಬೇಕಾದ 79 ಕಿಲೋ ಹುಡುಗನಿಗೆ ವಾರಕ್ಕೆ ಎರಡೇ ಪಂದ್ಯ, ಉಳಿದ ದಿನ ಜಿಮ್ ಮತ್ತು ಅಭ್ಯಾಸ ಇರುವ ಕಾಲೇಜು ಒಗ್ಗುತ್ತದೆ. ಆಡಿ ಆಡಿಯೇ ಕಲಿಯುವವನಿಗೆ ಜೂನಿಯರ್‌ನ ಉದ್ದನೆಯ ಸೀಸನ್ ವಾಸಿ. ವರದಿಯ ಕೆಳಗೆ ಮುಂದಿನ ಸಲ ನೋಡುವ ತಾರೀಖು ಹಾಕಿ, ಅದರ ಪಕ್ಕ ಮೊದಲು ಏನು ನೋಡಬೇಕೆಂದೂ ಬರೆಯಿರಿ: ಬಲಬದಿಯ ಪಿವಟ್, ಎರಡನೇ ಪೀರಿಯಡ್.